ಹಬ್ಬಕ್ಕೆ ಇಳಿಯುತ್ತೆ

ನಮ್ಮ ಶಾಲೆಯಲ್ಲಿ ನಿವೃತ್ತಿಯ ದಿನ ಟಿವಿಯ ಬದಲು ಟಿವಿಯ ಚಿತ್ರವನ್ನು ಉಡುಗೊರೆಯಾಗಿ ಪಡೆದವರು ಅವರೊಬ್ಬರೇ. ಬಣ್ಣದಲ್ಲಿ ಮುದ್ರಿಸಿ, ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿದ ಚಿತ್ರ. ಸೆಪ್ಟೆಂಬರಿನ ಕೊನೆಯ ದಿನ ಭದ್ರಾವತಿಯ ನಮ್ಮ ಹೈಸ್ಕೂಲಿನ ಸಭಾಂಗಣದಲ್ಲಿ ಹೆಡ್‌ಮಾಸ್ಟರು ಅವರಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಆಮೇಲೆ ಮುಖ ಗಂಭೀರವಾಗಿಟ್ಟುಕೊಂಡು ಆ ಚಿತ್ರವನ್ನು ಕೈಗಿತ್ತರು. ಮಕ್ಕಳು ಚಪ್ಪಾಳೆ ತಟ್ಟಿದರು. ಸಿಬ್ಬಂದಿಯೆಲ್ಲ ಸೇರಿ ನಿಜವಾದ ಟಿವಿಯನ್ನೇ ತರಲು ಹಿಂದಿನ ವಾರ ಅಂಗಡಿಗೆ ಹೊರಟಿದ್ದೆವು. ತಡೆದವರು ಅವರೇ.

"ಈಗ ತಗೊಳ್ಳೋದು ಶುದ್ಧ ದಡ್ಡತನ. ಇನ್ನು ಹತ್ತು ದಿನಕ್ಕೆ ದಸರಾ ಆಫರ್ ಶುರುವಾಗುತ್ತೆ. ನಾನೇನು ಎಲ್ಲಿಗಾದ್ರೂ ಓಡಿ ಹೋಗ್ತೀನಾ?"

ತನ್ನ ಬೀಳ್ಕೊಡುಗೆಯ ಉಡುಗೊರೆಯನ್ನೇ ಮುಂದಕ್ಕೆ ಹಾಕಿಸಿದ ಮನುಷ್ಯ ಅಂದು ವೇದಿಕೆಯ ಮೇಲೆ ಆ ಚೌಕಟ್ಟನ್ನು ಎದೆಗೆ ಒತ್ತಿಕೊಂಡು ಫೋಟೋಕ್ಕೆ ನಿಂತಿದ್ದರು. ಮುಖದಲ್ಲಿ ಗೆಲುವು ಉಕ್ಕುತ್ತಿತ್ತು. ಮೊದಲ ಸಾಲಿನಲ್ಲಿ ಅವರ ಹೆಂಡತಿ ಗಿರಿಜಕ್ಕ ಕೂತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುವುದನ್ನು ನೋಡಿದ ಮೇಲೆ ಅವರೂ ತಟ್ಟಿದರು. ಭಾಷಣಗಳಲ್ಲಿ ಒಂದು ಮಾತೂ ಅವರಿಗೆ ಕೇಳಿಸಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನೊಂದು ಗೌರವವೆಂದು ಅವರು ತಿಳಿದುಕೊಳ್ಳುವ ಅಪಾಯವಿದೆ. ಗಣಿತದ ಮೇಷ್ಟ್ರು ಎಂದರೆ ಸಾಕು. ನಾನು ಅದೇ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಇಪ್ಪತ್ತೆರಡು ವರ್ಷ ಅವರ ಸಹೋದ್ಯೋಗಿ, ಅದರಲ್ಲಿ ಹದಿನೈದು ವರ್ಷ ನೆರೆಮನೆಯವಳು. ಶಿವಮೊಗ್ಗದಲ್ಲಿ ಸವಳಂಗ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆಯಿದೆ. ಶಾಲೆಯಲ್ಲಿ ಸಾಲದು ಎಂದು ಮನೆಯಲ್ಲೂ ಅವರ ಮುಖ ನೋಡುವುದು ನನ್ನ ಹಣೆಯಲ್ಲಿ ಬರೆದಿತ್ತು.

ಅವರ ಒಂದು ಕೈಚಲನೆಯನ್ನು ಮೊದಲು ಹೇಳಬೇಕು. ಯಾರಾದರೂ ಫೋನು, ಫ್ರಿಜ್ಜು, ಮಿಕ್ಸಿ, ಏನೇ ಕೊಳ್ಳುವ ಮಾತು ತೆಗೆದರೆ ಅವರು ಕೆಳತುಟಿಯನ್ನು ಮುಂದೆ ಚಾಚಿ, ಎಡಗಣ್ಣು ಅರ್ಧ ಮುಚ್ಚಿ, ಬಲಗೈಯನ್ನು ಹಣೆಯ ಮಟ್ಟಕ್ಕೆ ಎತ್ತುತ್ತಿದ್ದರು. ಅಂಗೈ ಕೆಳಮುಖ. ಆಮೇಲೆ ಆ ಕೈ ನಿಧಾನವಾಗಿ, ಬಹಳ ನಿಧಾನವಾಗಿ, ಹೊಟ್ಟೆಯವರೆಗೆ ಇಳಿಯುತ್ತಿತ್ತು. ಅದು ಪೂರಾ ಇಳಿದ ಮೇಲೆ ಮಾತು: "ಹಬ್ಬಕ್ಕೆ ಇಳಿಯುತ್ತೆ." ಒಂಬತ್ತನೇ ತರಗತಿಯ ಹುಡುಗಿಯರು ಅದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದರೆಂದರೆ ನಾನು ಗದರಿಸಲು ಹೋಗಿ ನಕ್ಕುಬಿಟ್ಟಿದ್ದೇನೆ.

ಹಬ್ಬವೆಂದರೆ ಅವರಿಗೆ ದೇವರಲ್ಲ, ಹೋಳಿಗೆಯೂ ಅಲ್ಲ. ವರ್ಷವನ್ನು ಅವರು ಆಫರುಗಳಿಂದ ಅಳೆಯುತ್ತಿದ್ದರು. ಸಂಕ್ರಾಂತಿ ಮುಗಿದರೆ ಗಣರಾಜ್ಯೋತ್ಸವದ ಸೇಲು, ಅದು ಕಳೆದರೆ ಯುಗಾದಿ, ಆಮೇಲೆ ಸ್ವಾತಂತ್ರ್ಯೋತ್ಸವ, ಗಣಪತಿ, ಆಯುಧಪೂಜೆ, ದೀಪಾವಳಿ. ಧ್ವಜಾರೋಹಣದ ದಿನ ರಾಷ್ಟ್ರಗೀತೆ ಮುಗಿದು ಲಡ್ಡು ಹಂಚುವುದರೊಳಗೆ ಅವರು ಜೇಬಿನಿಂದ ಫೋನು ತೆಗೆದು ವಾಷಿಂಗ್ ಮೆಷಿನ್ನಿನ ಬೆಲೆ ನೋಡುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಮನೆಯಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ಫೋಲ್ಡರು. ಅದರಲ್ಲಿ ವರ್ಷವರ್ಷದ ದಿನಪತ್ರಿಕೆಗಳ ಪೂರ್ಣಪುಟದ ಹಬ್ಬದ ಜಾಹೀರಾತುಗಳನ್ನು ಮಡಚಿ ಇಟ್ಟಿದ್ದರು. ಮದುವೆಯ ಫೋಟೋಗಳಿಗೆ ಗೆದ್ದಲು ಹಿಡಿದಿತ್ತು, ಜಾಹೀರಾತುಗಳಿಗೆ ಹಿಡಿದಿರಲಿಲ್ಲ.

ಬೆಳಗಿನ ಬಸ್ಸಿನಲ್ಲೂ ಅದೇ ಬುದ್ಧಿ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿಗೇನು ಬರವಿಲ್ಲ. ಆದರೆ ಮೊದಲು ಬಂದ ಬಸ್ಸು ಅವರಿಗೆ ಎಂದೂ ಸರಿಯಾದ ಬಸ್ಸಲ್ಲ. ನಾನು ಹತ್ತಿ ಕಂಬಿ ಹಿಡಿದು ನಿಂತು ನೋಡಿದರೆ ಅವರು ಕೆಳಗೇ ನಿಂತು ಆ ಅಂಗೈ ಆಡಿಸುತ್ತಿದ್ದರು, ಹಿಂದಿನ ಬಸ್ಸಿನಲ್ಲಿ ರಷ್ಷು ಇಳಿಯುತ್ತದಂತೆ.

"ಹತ್ತಿ ಸಾರ್, ಹಿಂದಿನ ಗಾಡಿ ಪಂಕ್ಚರ್ ಆಗಿ ನಿಂತೈತೆ," ಎಂದು ಕಂಡಕ್ಟರು ಕೂಗಿದರೆ ಮೇಷ್ಟ್ರು ಎಲ್ಲ ತಿಳಿದವರ ಹಾಗೆ ನಗುತ್ತಿದ್ದರು. ಟಿಕೆಟ್ ಮಾರಲು ಹೇಳುವ ಸುಳ್ಳು ಎಂಬ ನಗೆ. ಗಾಡಿ ನಿಜವಾಗಿಯೂ ಪಂಕ್ಚರಾಗಿರುತ್ತಿತ್ತು. ಹತ್ತನೇ ತರಗತಿಯ ಮೊದಲ ಪೀರಿಯಡ್ಡು ಗಣಿತ, ಅದನ್ನು ಎಷ್ಟು ಸಲ ನಾನು ಭೂಗೋಳದಿಂದ ತುಂಬಿಸಿದ್ದೇನೆಂದು ಕೇಳಬೇಡಿ. ನಮ್ಮ ಶಾಲೆಯ ಮಕ್ಕಳು ನದಿಗಳ ಹೆಸರನ್ನು ನಿದ್ದೆಯಲ್ಲೂ ಹೇಳುತ್ತಾರೆ, ತ್ರಿಕೋನಮಿತಿಯಲ್ಲಿ ಮುಗ್ಗರಿಸುತ್ತಾರೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಅವರ ಸವಾರಿ ಶಿವಮೊಗ್ಗದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆಗೆ. ಗಾಂಧಿ ಬಜಾರಿನ ಹಳೇ ಅಂಗಡಿಯವರು ಅವರನ್ನು ಕಂಡರೆ ಶಟರು ಎಳೆಯುವುದೊಂದು ಬಾಕಿ. ಸವಳಂಗ ರಸ್ತೆಯ ದೊಡ್ಡ ಶೋರೂಮಿನಲ್ಲಿ ಟೈ ಕಟ್ಟಿದ ಹೊಸ ಸೇಲ್ಸ್‌ಮನ್ನುಗಳು ಮೊದಲ ಸಲ ಮೋಸ ಹೋಗುತ್ತಿದ್ದರು. ಒಂದೂವರೆ ಗಂಟೆ ತಣ್ಣಗೆ ಕೂತು, ಅವರ ಬಾಯಿಂದ ಎಲ್ಲ ವಿವರ ಹೇಳಿಸಿ, ಕೊಟ್ಟ ಟೀ ಕುಡಿದು, ಎದ್ದು ನಿಂತು ಅಂಗೈ ಇಳಿಸಿ ಹೊರಟುಬಿಡುತ್ತಿದ್ದರು. ಒಮ್ಮೆ ನಾನೂ ಜೊತೆಯಲ್ಲಿದ್ದೆ. ಬಾಗಿಲಿನ ಬಳಿ ಅವರ ತಲೆ ಕಂಡ ಕೂಡಲೇ ಒಳಗಿನಿಂದ ಯಾರೋ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಮೇಷ್ಟ್ರು ಬಂದ್ರು, ಏಸಿ ಆಫ್ ಮಾಡೋ." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರಿಗೆ ಏನೂ ಅನ್ನಿಸಲಿಲ್ಲ. "ಹೆದರಿದ್ದಾರೆ ನೋಡಿ," ಎಂದರು ಹೆಮ್ಮೆಯಿಂದ.

ಜಿಪುಣರೆಂದು ನೀವು ಅಂದುಕೊಂಡರೆ ಅದು ತಪ್ಪು. ಜಿಪುಣರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಭದ್ರಾವತಿಯ ಬಸ್ ನಿಲ್ದಾಣದ ಬಳಿ ನಾಲ್ಕು ಜನರಿಗೆ ದೋಸೆ ಕೊಡಿಸಿ ತಾನೇ ಬಿಲ್ಲು ಕೊಡುತ್ತಿದ್ದ ಮನುಷ್ಯ. ಸಂಬಳಕ್ಕೆ ಕೊರತೆಯಿರಲಿಲ್ಲ. ಮೇಲಿನ ಮನೆಯ ಬಾಡಿಗೆ ಬೇರೆ ಬರುತ್ತಿತ್ತು. ಅವರ ಕಾಯಿಲೆ ಬೇರೆ. ಅಂಗಡಿಯವನೊಬ್ಬ ತನ್ನನ್ನು ಗೆದ್ದುಬಿಟ್ಟಾನು ಎಂಬ ಭಯ. ಅದರ ಮೂಲವನ್ನು ಒಂದು ದಿನ ಬಸ್ಸಿನಲ್ಲಿ ಅವರೇ ಹೇಳಿಕೊಂಡರು. ಮದುವೆಯಾದ ಹೊಸತರಲ್ಲಿ ಗಿರಿಜಕ್ಕನಿಗೆಂದು ಒಂದು ರೇಡಿಯೋ ಟೇಪ್‌ರೆಕಾರ್ಡರ್ ಕೊಂಡರಂತೆ. ಮುಂದಿನ ವಾರ ಅದೇ ಅಂಗಡಿಯಲ್ಲಿ ಅದರ ಬೆಲೆ ಇಳಿದು, ಮೇಲೊಂದು ಇಸ್ತ್ರಿಪೆಟ್ಟಿಗೆ ಉಚಿತ. ಮಾವನವರು ನೆಂಟರೆದುರು ನಕ್ಕರಂತೆ: "ಗಣಿತದ ಮೇಷ್ಟ್ರಿಗೆ ಟೋಪಿ!"

"ಅವತ್ತೇ ತೀರ್ಮಾನ ಮಾಡ್ದೆ ಮೇಡಂ. ಇನ್ನು ನನ್ನ ತಲೆಗೆ ಯಾರೂ ಟೋಪಿ ಹಾಕಬಾರದು."

ಮೂವತ್ತು ವರ್ಷದ ಹಿಂದಿನ ಆ ಇಸ್ತ್ರಿಪೆಟ್ಟಿಗೆಗಾಗಿ ಒಬ್ಬ ಮನುಷ್ಯ ಇಡೀ ಜೀವಮಾನ ಸೇಡು ತೀರಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ಆ ರೇಡಿಯೋದಲ್ಲಿ ಗಿರಿಜಕ್ಕ ಎಷ್ಟು ಹಾಡು ಕೇಳಿದರು, ಎಷ್ಟು ನಾಟಕ ಕೇಳಿ ಅತ್ತರು ಎಂಬ ವಿಷಯ ಅವರ ಕಥೆಯಲ್ಲಿ ಬರಲೇ ಇಲ್ಲ.

ಹಳೆಯ ವಿದ್ಯಾರ್ಥಿಗಳು ಶಾಲೆಗೆ ಪ್ರೊಜೆಕ್ಟರ್ ಕೊಡಿಸಲು ಮುಂದೆ ಬಂದಾಗ ಖರೀದಿಯ ಜವಾಬ್ದಾರಿಯನ್ನು ಹೆಡ್‌ಮಾಸ್ಟರು ಇವರಿಗೇ ವಹಿಸಿದರು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಜೂನಿನಲ್ಲಿ ಮಾತಾಗಿತ್ತು. ಆಗಸ್ಟಿಗೆ ಎಂದರು, ದೀಪಾವಳಿಗೆ ಎಂದರು, ಜನವರಿಗೆ ಎಂದರು. ಮಾರ್ಚಿನಲ್ಲಿ ಹಳೇ ಸ್ಟಾಕು ಖಾಲಿ ಮಾಡುತ್ತಾರೆ, ಆಗ ನೋಡಿ ಆಟ ಎಂದರು. ಮಾರ್ಚಿನಲ್ಲಿ ಪ್ರೊಜೆಕ್ಟರು ಬಂತು, ಹೇಳಿದ ಹಾಗೆಯೇ ಬಹಳ ಕಡಿಮೆ ಬೆಲೆಗೆ. ಅಷ್ಟರಲ್ಲಿ ಪರೀಕ್ಷೆ ಮುಗಿದು ಆ ವರ್ಷದ ಮಕ್ಕಳು ಟಿಸಿ ತೆಗೆದುಕೊಂಡು ಹೋಗಿದ್ದರು. ಮರುವರ್ಷ ಅದರ ಬಲ್ಬು ಹೋಯಿತು. ಆ ಮಾಡೆಲ್ಲು ನಿಂತುಹೋಗಿದೆ, ಬಲ್ಬು ಸಿಗುವುದಿಲ್ಲ ಎಂದರು ಅಂಗಡಿಯವರು. ಈಗ ಅದು ಸ್ಟಾಫ್‌ರೂಮಿನ ಬೀರುವಿನ ಮೇಲೆ ಕೂತಿದೆ. ಅದರ ಮೇಲೆ ಗಣಿತದ ಉತ್ತರಪತ್ರಿಕೆಗಳ ಕಟ್ಟು.

ಅವರ ಮಾತನ್ನು ತಳ್ಳಿಹಾಕಿದ ಧೈರ್ಯವಂತೆ ನಮ್ಮ ಶಾಲೆಯಲ್ಲಿ ಒಬ್ಬಳೇ. ಅಟೆಂಡರ್ ಸೆಲ್ವಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು, ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುವವಳು. ಪಾಠಗಳೆಲ್ಲ ಫೋನಿನಲ್ಲೇ ನಡೆದ ಆ ವರ್ಷ ಅವಳ ಮಗಳಿಗೆ ಫೋನು ಬೇಕಿತ್ತು. ಮೇಷ್ಟ್ರು ಎಂದಿನಂತೆ ಕೈ ಎತ್ತಿ ಇಳಿಸತೊಡಗಿದರು.

ಸೆಲ್ವಿ ಆ ಕೈ ಪೂರ್ತಿ ಕೆಳಗೆ ಬರುವವರೆಗೂ ಕಾಯಲಿಲ್ಲ. "ಇರ್ಲಿ ಸಾರ್. ನಿಮ್ಮ ಹಬ್ಬ ಬರೋದ್ರೊಳಗೆ ನನ್ನ ಮಗಳಿಗೆ ಅರ್ಧ ಪಾಠ ಹೋಗಿಬಿಡುತ್ತೆ. ಪಾಠಕ್ಕೆ ಆಫರ್ ಯಾರು ಕೊಡ್ತಾರೆ?" ಎಂದವಳೇ ಸಂಜೆ ಹೋಗಿ ಫೋನು ತಂದಳು. ಆಯುಧಪೂಜೆಗೆ ಆ ಫೋನಿನ ಬೆಲೆ ಎರಡು ಸಾವಿರ ಇಳಿಯಿತು. ಮೇಷ್ಟ್ರು ವಾರಪೂರ್ತಿ ಅವಳ ಬಗ್ಗೆ ಮರುಗಿದರು. "ಪಾಪ, ಕಳ್ಕೊಂಡ್ಲು." ಸೆಲ್ವಿಯ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ.

ಇದನ್ನು ಒಪ್ಪಿಕೊಳ್ಳಲೇಬೇಕು: ಅವರು ಸುಳ್ಳು ಹೇಳುತ್ತಿರಲಿಲ್ಲ. ಬೆಲೆ ಇಳಿಯುತ್ತಿತ್ತು. ಹೇಳಿದ ಹಬ್ಬಕ್ಕೆ, ಹೆಚ್ಚುಕಡಿಮೆ ಹೇಳಿದಷ್ಟೇ ಇಳಿಯುತ್ತಿತ್ತು. ಅದರಿಂದಲೇ ಅವರ ಮಾತಿಗೆ ಬೆಲೆ ಬಂದದ್ದು. ಅದರಿಂದಲೇ ನಾನೂ ಕೆಟ್ಟದ್ದು.

ಗಿರಿಜಕ್ಕನ ವಿಷಯಕ್ಕೆ ಬರುತ್ತೇನೆ. ಮಾತು ಎಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಬೆಳಿಗ್ಗೆ ತರಕಾರಿ ಗಾಡಿಯವನೊಂದಿಗೆ ಬದನೆಕಾಯಿಯಿಂದ ಶುರುವಾದ ಮಾತು ಅವನ ತಂಗಿಯ ಬಾಣಂತನಕ್ಕೆ ಬಂದು ಮುಟ್ಟುತ್ತಿತ್ತು. ಗೋಡೆಯ ಆ ಕಡೆ ಅವರು, ಈ ಕಡೆ ನಾನು, ಒಗೆದ ಬಟ್ಟೆ ಹಿಂಡುತ್ತ ಹಿಂಡುತ್ತ ಅವರು ಒಂದು ಸಿನಿಮಾದ ಕಥೆಯನ್ನು ಸಿನಿಮಾಕ್ಕಿಂತ ಉದ್ದಕ್ಕೆ ಹೇಳುತ್ತಿದ್ದರು. ಮೇಷ್ಟ್ರು ಮನೆಯಲ್ಲಿ ಮಾತಾಡುವವರಲ್ಲ. "ರಿಟೈರ್ ಆಗ್ಲಿ, ಆಮೇಲೆ ಕೂತು ಮಾತಾಡೋದು ಇದ್ದೇ ಇದೆ," ಎನ್ನುತ್ತಿದ್ದರಂತೆ. ಅದನ್ನೂ ಗಿರಿಜಕ್ಕ ನಗುತ್ತಲೇ ನನಗೆ ಹೇಳಿದ್ದರು: "ನನ್ನ ಹತ್ರ ಮಾತಾಡೋಕೂ ಆಫರ್ ಬರ್ಬೇಕು ಮಾರಾಯ್ತಿ."

ಆರು ವರ್ಷದ ಹಿಂದೆ ಅವರಿಗೆ ಕುಕ್ಕರಿನ ಸೀಟಿ ಕೇಳಿಸದಾಯಿತು. ಎರಡು ಸಲ ಬೇಳೆ ಹೊತ್ತಿತು. ಆಮೇಲೆ ಹಾಲಿನವನ ಹಾರ್ನು, ಬಾಗಿಲ ಗಂಟೆ. ಮಾತಿನ ನಡುವೆ "ಆಂ?" ಎನ್ನತೊಡಗಿದರು. ಮೇಷ್ಟ್ರು ಶಿವಮೊಗ್ಗದ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಪರೀಕ್ಷೆ ಮಾಡಿದ ಡಾಕ್ಟರು, ಎರಡೂ ಕಿವಿಗೆ ಯಂತ್ರ ಹಾಕಿಸಿ, ಆಗ ಎಲ್ಲ ಸರಿಯಾಗಿ ಕೇಳುತ್ತದೆ, ಆದರೆ ತಡ ಮಾಡಬೇಡಿ ಎಂದರಂತೆ. ಕೇಳದೆ ಕೇಳದೆ ಇದ್ದರೆ ಮೆದುಳಿಗೆ ಮಾತು ಬಿಡಿಸಿಕೊಳ್ಳುವ ರೂಢಿಯೇ ತಪ್ಪಿಹೋಗುತ್ತದೆ, ಆಮೇಲೆ ಯಂತ್ರ ಹಾಕಿದರೂ ಪ್ರಯೋಜನ ಕಡಿಮೆ ಎಂದು ಬಿಡಿಸಿ ಹೇಳಿದರಂತೆ.

ಮೇಷ್ಟ್ರಿಗೆ ಅದರಲ್ಲಿ ಕೇಳಿಸಿದ್ದು ಯಂತ್ರ ಎಂಬ ಒಂದು ಮಾತು. ಒಳಗೆ ಚಿಪ್ಪಿದೆ, ಬ್ಯಾಟರಿಯಿದೆ, ಡಿಜಿಟಲ್ ಎಂದು ಬರೆದಿದೆ. ಅಂದಮೇಲೆ ಅದೂ ಎಲೆಕ್ಟ್ರಾನಿಕ್ಸೇ. ಎಲೆಕ್ಟ್ರಾನಿಕ್ಸ್ ಎಂದಮೇಲೆ ಇಳಿಯಲೇಬೇಕು. ಬಸ್ಸಿನಲ್ಲಿ ನನಗೆ ವಿವರಿಸಿದರು: "ಮೊಬೈಲ್ ಇದ್ದ ಹಾಗೇ ಮೇಡಂ. ಹೊಸ ಮಾಡೆಲ್ ಬಂದ ತಕ್ಷಣ ಹಳೇದು ಅರ್ಧಕ್ಕೆ. ದೀಪಾವಳಿಗೆ ಅವರೂ ಆಫರ್ ಬಿಡ್ತಾರೆ, ವಿಚಾರಿಸಿದ್ದೀನಿ." ಕೈ ಹಣೆಯಿಂದ ಹೊಟ್ಟೆಗೆ ಇಳಿಯಿತು. ಕಿಟಕಿ ಪಕ್ಕ ಕೂತ ಹೆಂಗಸು ಅದನ್ನು ಯಾವುದೋ ಯೋಗಾಸನ ಎಂದುಕೊಂಡಳು.

ಆ ತಿಂಗಳಲ್ಲೇ ನಾನು ಹೊಸ ಫ್ರಿಜ್ ಕೊಂಡಿದ್ದೆ. ಬೇಸಿಗೆಯಲ್ಲೇ ಹಳೆಯದು ಕೆಟ್ಟಿತ್ತು. ಮೇಷ್ಟ್ರ ಮಾತು ಕೇಳಿ ನಾಲ್ಕು ತಿಂಗಳು ಮೊಸರು ಹುಳಿಯಾಗಿಸಿಕೊಂಡು ಆಯುಧಪೂಜೆಯವರೆಗೆ ಕಾದೆ. ಅವರೇ ಜೊತೆಗೆ ಬಂದು ಕೊಡಿಸಿದರು. ನಾಲ್ಕು ಸಾವಿರ ಉಳಿಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರನ್ನು ಆಡಿಕೊಳ್ಳುತ್ತಿದ್ದವಳು ಆ ಒಂದು ವಾರ ಸ್ಟಾಫ್‌ರೂಮಿನಲ್ಲಿ ಅವರನ್ನೇ ಹೊಗಳಿಕೊಂಡು ಓಡಾಡಿದೆ.

ಆ ವಾರವೇ ಒಂದು ಬೆಳಿಗ್ಗೆ ಗಿರಿಜಕ್ಕ ಗೋಡೆಯ ಹತ್ತಿರ ಬಂದರು. ಆಗಿನ್ನೂ ಸ್ವಲ್ಪ ಜೋರಾಗಿ ಹೇಳಿದರೆ ಅವರಿಗೆ ಕೇಳಿಸುತ್ತಿತ್ತು.

"ನೀನೊಂದು ಮಾತು ಅವರಿಗೆ ಹೇಳು ಮಾರಾಯ್ತಿ. ನಿನ್ನ ಮಾತು ಕೇಳ್ತಾರೆ. ಡಾಕ್ಟ್ರು ತಡ ಮಾಡ್ಬೇಡಿ ಅಂದಿದಾರೆ. ನಂಗ್ಯಾಕೋ ಭಯ ಆಗುತ್ತೆ."

ನಾನು ಹೇಳಬಹುದಿತ್ತು. ಗೋಡೆ ಸುತ್ತಿ ಹೋಗಿ, ವರಾಂಡದಲ್ಲಿ ಪೇಪರು ಕತ್ತರಿಸುತ್ತಿದ್ದ ಆ ಮನುಷ್ಯನಿಗೆ, ನಿಮಗೆ ಬುದ್ಧಿ ನೆಟ್ಟಗಿದೆಯಾ, ಹೆಂಡತಿಯ ಕಿವಿಯೇನು ಮಿಕ್ಸಿಯಾ ಎಂದು ಕೇಳಬಹುದಿತ್ತು. ಕೇಳುವ ಬಾಯಿ ನನಗಿದೆ, ಊರಿಗೆಲ್ಲ ಗೊತ್ತು. ಆದರೆ ಒಳಗೆ ಹೊಸ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ನಾನು ನಕ್ಕು ಗಟ್ಟಿಯಾಗಿ ಹೇಳಿದೆ: "ಇನ್ನೇನು ಹದಿನೈದು ದಿನಕ್ಕೆ ದೀಪಾವಳಿ ಅಲ್ವಾ ಅಕ್ಕ? ಕಾಯಿರಿ. ಅವರು ಹೇಳಿದ್ರೆ ಇಳಿಯುತ್ತೆ."

ಗಿರಿಜಕ್ಕ "ಹೌದಾ, ಸರಿ," ಎಂದು ಒಳಗೆ ಹೋದರು.

ಆ ದೀಪಾವಳಿಗೆ ಇಳಿಯಿತು. ಆದರೆ ಮುಂದಿನ ವರ್ಷ ಫೋನಿಗೆ ಜೋಡಿಸುವ ಹೊಸ ಮಾಡೆಲ್ ಬರುತ್ತದೆ, ಆಗ ಇದು ಇನ್ನೂ ಇಳಿಯುತ್ತದೆ ಎಂದು ಯಾರೋ ಮೇಷ್ಟ್ರ ಕಿವಿಗೆ ಹಾಕಿದರು. ಅವರ ಕಿವಿ ಚೆನ್ನಾಗಿಯೇ ಇತ್ತಲ್ಲ. ಮುಂದಿನ ವರ್ಷ ಬ್ಯಾಟರಿ ಬದಲಿಸುವ ಗೋಜಿಲ್ಲದ, ಚಾರ್ಜ್ ಮಾಡುವ ಮಾಡೆಲ್ಲಿನ ಸುದ್ದಿ ಬಂತು. ಅದರ ಮುಂದಿನ ವರ್ಷ ಇನ್ನೊಂದು. ಯಂತ್ರ ಬಂತೇ ಎಂದು ಕೇಳುವುದನ್ನು ನಾನು ಬಿಟ್ಟೆ. ಗೋಡೆಯ ಬಳಿಯ ಮಾತೂ ಬರಬರುತ್ತ ಕಡಿಮೆಯಾಯಿತು. ಕೂಗಿ ಕೂಗಿ ಹೇಳುವುದು ಯಾರಿಗೆ ತಾನೇ ಬೇಕು? ಮೊದಲು ಸಿನಿಮಾ ಕಥೆ ಹೋಯಿತು, ಆಮೇಲೆ ಅಡುಗೆಯ ಮಾತು ಹೋಯಿತು, ಕೊನೆಗೆ ಕೈ ಎತ್ತಿ ನಗುವುದೊಂದು ಉಳಿಯಿತು. ತರಕಾರಿ ಗಾಡಿಯವನು ಅವರ ಮನೆಯ ಮುಂದೆ ನಿಲ್ಲಿಸದೆ ಹೋಗತೊಡಗಿದ. ಪ್ರತಿ ವರ್ಷ ಮೇಷ್ಟ್ರ ಫೋಲ್ಡರು ಮಾತ್ರ ದಪ್ಪವಾಗುತ್ತಿತ್ತು.

ನಿವೃತ್ತಿಯಾದ ಮೇಲೆ, ದಸರಾ ಆಫರಿನಲ್ಲಿ ಸಿಬ್ಬಂದಿಯ ಟಿವಿ ಅವರ ಮನೆಗೆ ಬಂತು. ಚಿತ್ರದಲ್ಲಿದ್ದದ್ದಕ್ಕಿಂತ ದೊಡ್ಡದು, ಅದೇ ಹಣಕ್ಕೆ. ಆ ಖುಷಿಯಲ್ಲೋ ಏನೋ, ದೀಪಾವಳಿಗೆ ಗಿರಿಜಕ್ಕನ ಕಿವಿಯ ಯಂತ್ರಗಳೂ ಬಂದವು. ಮಾರನೆಯ ಭಾನುವಾರ ಬೆಳಿಗ್ಗೆ ಮೇಷ್ಟ್ರು ಗೋಡೆಯ ಮೇಲಿಂದ ಕೂಗಿದರು: "ಬಂದು ನೋಡಿ ಮೇಡಂ. ಟಿವಿನೂ ನೋಡಿ, ಮೆಷಿನ್ನೂ ನೋಡಿ."

ಹೋದೆ. ಗೋಡೆಯಷ್ಟಗಲದ ಟಿವಿಯಲ್ಲಿ ಯಾವುದೋ ಧಾರಾವಾಹಿ ಓಡುತ್ತಿತ್ತು, ಧ್ವನಿಯಿಲ್ಲದೆ. ಗಿರಿಜಕ್ಕ ಅದರೆದುರು ಕೂತಿದ್ದರು. ಎರಡೂ ಕಿವಿಗಳ ಹಿಂದೆ ಬೂದುಬಣ್ಣದ ಪುಟ್ಟ ಯಂತ್ರಗಳು.

"ಆರು ವರ್ಷದ ಹಿಂದೆ ಹೇಳಿದ ಬೆಲೆ ಏನು, ಈಗಿನ ಬೆಲೆ ಏನು! ಅರ್ಧಕ್ಕರ್ಧ ಮೇಡಂ. ಅವತ್ತು ಅವಸರ ಮಾಡಿದ್ರೆ ಟೋಪಿ ಬೀಳ್ತಿತ್ತು," ಎಂದರು ಮೇಷ್ಟ್ರು.

"ಈಗ ಕೇಳುತ್ತಾ ಅಕ್ಕನಿಗೆ?"

"ಸೌಂಡ್ ಎಲ್ಲ ಕ್ಲಿಯರ್. ಮಾತು ಮಾತ್ರ ಬಿಡಿಸ್ಕೊಳ್ಳೋಕೆ ಬರ್ತಿಲ್ಲ. ಮೆಷಿನ್ದೇನೂ ತಪ್ಪಿಲ್ಲ ಅಂದ್ರು. ಇವಳಿಗೇ ಅಭ್ಯಾಸ ತಪ್ಪಿದೆಯಂತೆ. ಪ್ರಾಕ್ಟೀಸ್ ಮಾಡ್ಬೇಕು ಇವಳು."

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು. ತಾನು ಕಳೆದ ಆರು ವರ್ಷವನ್ನು ಹೆಂಡತಿಯ ಲೆಕ್ಕದ ತಪ್ಪಾಗಿ ಮಾಡಿ ಕೆಂಪು ಗೀಟು ಎಳೆದುಬಿಟ್ಟಿತ್ತು. ನನಗೆ ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಅವರು ಟೀ ತರಲು ಒಳಗೆ ಹೋದರು. ನಾನು ಗಿರಿಜಕ್ಕನ ಪಕ್ಕ ಕೂತೆ. ಅವರು ನನ್ನ ಕೈ ಹಿಡಿದುಕೊಂಡು ತಾವೇ ಮಾತು ಶುರು ಮಾಡಿದರು. ಅವರ ದನಿ ಈಗ ಒಮ್ಮೆ ಏರುತ್ತದೆ, ಒಮ್ಮೆ ಪಿಸುಮಾತಾಗುತ್ತದೆ, ಅವರಿಗೆ ಗೊತ್ತಾಗುವುದಿಲ್ಲ.

"ಫ್ಯಾನ್ ತಿರುಗೋದು ಕೇಳುತ್ತೆ. ಪಾತ್ರೆ ಬಿದ್ರೆ ಎದೆ ಧಸಕ್ ಅನ್ನುತ್ತೆ. ಅವರು ಬಾಯಿ ತೆಗೆದ್ರೆ ಬುಳುಬುಳು ಅಂತ ಕೇಳುತ್ತೆ, ನೀರೊಳಗೆ ಯಾರೋ ಮಾತಾಡಿದ ಹಾಗೆ. ಈಗ ದಿನವಿಡೀ ಮನೇಲಿರ್ತಾರೆ, ಮಾತಾಡ್ತಾರೆ ಮಾರಾಯ್ತಿ. ಏನು ಹೇಳ್ತಾರೋ ಏನೋ."

ನಾನು ಅವರ ಕೈ ಸವರಿದೆ. ನನ್ನ ಮನಸ್ಸಿನ ತುಂಬ ಒಳಗೆ ಟೀ ಸೋಸುತ್ತಿದ್ದ ಮನುಷ್ಯನಿಗೆ ಹೇಳಬೇಕಾದ ಬೈಗುಳಗಳಿದ್ದವು. ಒಂದಕ್ಕಿಂತ ಒಂದು ಚೂಪಾಗಿದ್ದವು. ಆಗ ಗಿರಿಜಕ್ಕ ಹೇಳಿದರು:

"ನಾನು ಆಮೇಲೆ ಅವರನ್ನ ಮತ್ತೆ ಕೇಳ್ಲೇ ಇಲ್ಲ, ಗೊತ್ತಾ? ನೀನು ಕಾಯಿರಿ ಅಂದ್ಯಲ್ಲ. ಓದಿದವಳು, ಡಾಕ್ಟ್ರ ಮಾತೂ ನಿಂಗೆ ಹೇಳಿದ್ದೆ. ನೀನೇ ಕಾಯಿರಿ ಅಂದಮೇಲೆ ಅಷ್ಟೇನೂ ಅವಸರ ಇರ್ಲಿಕ್ಕಿಲ್ಲ ಅಂದ್ಕೊಂಡೆ."

ದೂರು ಹೇಳುವ ದನಿಯೂ ಅಲ್ಲ ಅದು. ನೆನಪಾದದ್ದನ್ನು ಹೇಳಿದರು, ಅಷ್ಟೆ. ನಾನು ಮೇಷ್ಟ್ರಿಗೆಂದು ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಈಗ ನನ್ನ ಕಡೆಗೇ ತಿರುಗಿದವು. ಆ ಮನುಷ್ಯನನ್ನು ನಾನು ಇಪ್ಪತ್ತೆರಡು ವರ್ಷ ತಿರಸ್ಕರಿಸಿದ್ದೇನೆ. ಆ ತಿರಸ್ಕಾರ ಬೇಕಾಗಿದ್ದ ಒಂದು ದಿನ, ಒಂದೇ ಒಂದು ದಿನ, ಅವರನ್ನು ನಂಬಿದ್ದೆ. ಅದೂ ನಾಲ್ಕು ಸಾವಿರಕ್ಕೆ.

"ತಪ್ಪಾಯ್ತು ಅಕ್ಕ," ಎಂದೆ.

"ಏನಂದೆ?"

"ತಪ್ಪಾಯ್ತು ಅಂದೆ."

ಗಿರಿಜಕ್ಕ ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿಕೊಂಡು ಮುಖ ಹತ್ತಿರ ತಂದರು. ನನ್ನ ತುಟಿಯನ್ನೇ ನೋಡಿದರು. ಮೂರನೇ ಸಲ ನಾನು ಕೂಗಿಯೇ ಹೇಳಿದೆ. ಅವರು ತಲೆ ಅಲ್ಲಾಡಿಸಿದರು, ಗೊತ್ತಾಗಲಿಲ್ಲ ಎಂದು.

ಅಷ್ಟರಲ್ಲಿ ಮೇಷ್ಟ್ರು ಟೀ ತಂದಿಟ್ಟು, ಟಿವಿಯ ಕೆಳಗಿನಿಂದ ಒಂದು ಸ್ಲೇಟು ಎಳೆದು ಬಳಪದ ಜೊತೆ ನನ್ನ ಮಡಿಲಿಗೆ ಹಾಕಿದರು. ಮಕ್ಕಳ ಸ್ಲೇಟು. ಗಾಂಧಿ ಬಜಾರಿನಿಂದ ತಂದದ್ದಂತೆ, ಅದಕ್ಕೆ ಯಾವ ಹಬ್ಬಕ್ಕೂ ಕಾದಿರಲಿಲ್ಲ. ಅದರ ಮೇಲೆ ಅವರ ದುಂಡು ಅಕ್ಷರದಲ್ಲಿ ಆಗಲೇ ಒಂದು ಪದವಿತ್ತು: ತಿಂಡಿ. ನಿವೃತ್ತಿಯಾದ ಮೇಲೆ ಕೂತು ಆಡಲು ಎತ್ತಿಟ್ಟಿದ್ದ ಮಾತು.

"ಕೂಗಬೇಡಿ ಮೇಡಂ, ಗಂಟಲು ನೋವಾಗುತ್ತೆ. ಬರೀರಿ, ಓದ್ತಾಳೆ," ಎಂದು ನನ್ನ ಹೆಗಲ ಹಿಂದೆಯೇ ನಿಂತರು, ಏನು ಬರೆಯುತ್ತೇನೋ ನೋಡಲು.

ನಾನು ಆ ಪದ ಒರೆಸಿದೆ. ಬಳಪ ಹಿಡಿದೆ. ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು. ಆ ಮನುಷ್ಯನ ಕಣ್ಣೆದುರು ನನ್ನ ಕೈಯಾರೆ ಅದನ್ನು ಬರೆಯಲು ನನ್ನಿಂದ ಆಗಲಿಲ್ಲ. "ಇನ್ನೊಂದು ದಿನ ಬಂದು ಹೇಳ್ತೀನಿ ಅಕ್ಕ," ಎಂದು ಬರೆದು ಸ್ಲೇಟನ್ನು ಅವರ ಕೈಗೆ ಕೊಟ್ಟೆ.

ಗಿರಿಜಕ್ಕ ಓದಿದರು. ಒಮ್ಮೆ ನನ್ನನ್ನು, ಒಮ್ಮೆ ನನ್ನ ಹಿಂದೆ ನಿಂತ ಗಂಡನನ್ನು ನೋಡಿದರು. ಸೆರಗಿನ ತುದಿಯಿಂದ ಸ್ಲೇಟನ್ನು ಚೆನ್ನಾಗಿ ಒರೆಸಿ ನನ್ನ ಮಡಿಲಿಗೇ ವಾಪಸ್ ಇಟ್ಟರು.

"ಈಗ್ಲೇ ಬರಿ," ಎಂದರು. "ಕಾದಿದ್ದು ಸಾಕು."